ಕೆಸುವಿನ ಸಾರಿನಿಂದ ಹುಳಿ ತೆಗೆದವರಿಗೆ

‘ಕಡಿಮೆ ಖರ್ಚು, ಸಮೃದ್ಧ ಊಟ’ ಅಭಿಯಾನದ ಮುಖ್ಯ ಸಂಯೋಜನಾಧಿಕಾರಿಗಳಿಗೆ,

ಮಾನ್ಯರೇ,

ಹೀಗೆ ಕರೆಯುವುದು ರೂಢಿ, ಅದಕ್ಕೇ ಕರೆದಿದ್ದೇನೆ. ಅದರಲ್ಲಿ ಹೆಚ್ಚಿನ ಅರ್ಥ ಹುಡುಕಬೇಡಿ. ನಿಮ್ಮ ಕಚೇರಿ ಅಚ್ಚು ಹಾಕಿಸಿ ಮೂರ್ನಾಡಿನ ಸುತ್ತ ಮನೆಮನೆಗೆ ಹಂಚಿಸಿದ ಕರಪತ್ರವನ್ನು ನಂಬಿ ಒಬ್ಬ ತಾಯಿ ಅಡುಗೆ ಮಾಡಿದಳು. ಅವಳ ಮೂರು ವರ್ಷದ ಮಗಳು ತುಟಿ, ಗಂಟಲು ಊದಿಕೊಂಡು ಆಸ್ಪತ್ರೆ ಸೇರಿದಳು. ತಪ್ಪು ಕರಪತ್ರದ್ದು. ನೀವು ತುಂಬಿದ ಸಭೆಯಲ್ಲಿ ಮೈಕ್ ಹಿಡಿದು, ತಪ್ಪು ತಾಯಿಯದು ಎಂದಿರಿ. ಆ ಮಾತನ್ನು ಹಿಂತೆಗೆದುಕೊಳ್ಳಿ ಎಂದು ಕೇಳುವುದಕ್ಕೆ ಈ ಪತ್ರ. ಇದಕ್ಕೆ ಮೊದಲು ನಿಮ್ಮ ಕಚೇರಿಗೆ ಎರಡು ಪತ್ರ ಬರೆದಿದ್ದೆ. ಮೊದಲನೆಯದಕ್ಕೆ ಸ್ವೀಕೃತಿ ಬಂತು, ಎರಡನೆಯದಕ್ಕೆ ಅದೂ ಇಲ್ಲ. ಹಾಗಾಗಿ ಮೂರನೆಯದನ್ನು ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ.

ನಾನು ಯಾರು ಎಂದು ನಿಮಗೆ ಪರಿಚಯ ಬೇಕಿಲ್ಲ. ನಿಮ್ಮ ಕರಪತ್ರದ ಮುಖಪುಟದಲ್ಲಿ ಕೆಸುವಿನ ಕಟ್ಟು ಹಿಡಿದು ಹಲ್ಲು ಬಿಟ್ಟುಕೊಂಡು ನಿಂತವಳು ನಾನೇ. ಕೆಳಗೆ ‘ಸ್ಥಳೀಯ ಜ್ಞಾನದ ಕಣಜ’ ಎಂದು ಹಾಕಿದ್ದೀರಿ. ಕಣಜಕ್ಕೆ ಹೆಸರಿಲ್ಲ. ಹೆಸರು ಹಾಕುವುದಕ್ಕೆ ಜಾಗ ಸಾಲಲಿಲ್ಲವೋ ಏನೋ, ಪಕ್ಕದಲ್ಲಿ ಏಳು ಮಂದಿ ಅಧಿಕಾರಿಗಳ ಮುಖ ಬರಬೇಕಿತ್ತಲ್ಲ.

ಐವತ್ತಾರು ವರ್ಷವಾಯಿತು ನನಗೆ. ನನ್ನ ಗಂಡ ಮೊಣ್ಣಪ್ಪನವರಿಗೆ ಸೊಂಟ ಹಿಡಿದು ಕೆಲಸ ಕಡಿಮೆಯಾದ ಮೇಲೆ ನಾನು ಬೇರೆಯವರ ತೋಟಕ್ಕೆ ಕಾಫಿ ಕೊಯ್ಯಲು ಹೋಗಿದ್ದೇನೆ, ಮದುವೆ ಮನೆಗಳಲ್ಲಿ ಅಡುಗೆಗೆ ನಿಂತಿದ್ದೇನೆ. ಕೈಯಲ್ಲಿ ಕಾಸಿಲ್ಲದ ದಿನಗಳು ನಮಗೆ ಹೊಸವಲ್ಲ. ಆದರೆ ಕೆಟ್ಟ ಊಟ ಉಂಡೆವು ಎಂದು ಮಾತ್ರ ಯಾರ ಮುಂದೆಯೂ ಹೇಳಲಾರೆ. ರೇಷನ್ ಅಕ್ಕಿಯ ಗಂಜಿಗೆ ಒಂದೆಲಗದ ಚಟ್ನಿ, ಸುಟ್ಟ ಒಣಮೀನು. ಹಲಸಿನ ಕಾಲ ಮುಗಿದರೂ ಮಣ್ಣು ಸವರಿ ಇಟ್ಟ ಬೀಜ ಮುಗಿಯುತ್ತಿರಲಿಲ್ಲ. ಬಾಳೆ ಕಡಿದರೆ ದಿಂಡು ಒಂದು ದಿನ, ಹೂ ಮರುದಿನ. ಜಡಿಮಳೆಯ ಆಟಿ ತಿಂಗಳಲ್ಲಿ ಕೆಸುವಿನೆಲೆಯ ಪತ್ರೊಡೆ. ಗದ್ದೆಯ ಏಡಿ ಸಿಕ್ಕಿದ ದಿನ ನಮ್ಮ ಮನೆಯಲ್ಲಿ ಯಾರೂ ಜಗಳ ಆಡುತ್ತಿರಲಿಲ್ಲ, ಎಲ್ಲರ ಬಾಯಿಗೂ ಕೆಲಸ. ಇದನ್ನೆಲ್ಲ ನೀವು ಬಂದು ಕಲಿಸಬೇಕಾಯಿತು ಎಂದರೆ ನಗು ಬರುತ್ತದೆ. ನಮಗೆ ಉಣ್ಣಲು ಬರುವುದಿಲ್ಲ ಎಂದು ನಿಮಗೆ ಯಾರು ದೂರು ಕೊಟ್ಟರು?

ಕೋಪ ಬಂದಾಗಲೂ ನ್ಯಾಯವಾಗಿ ಮಾತಾಡಬೇಕು. ನೀವು ಕೇಳಿಯೇ ಬರೆದಿದ್ದೀರಿ, ಅದು ನಿಜ. ಜೂನ್ ತಿಂಗಳಲ್ಲಿ ನಿಮ್ಮ ಕಚೇರಿಯ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಸಮುದಾಯ ಭವನಕ್ಕೆ ಬಂದರು. ನಾವು ಹದಿನಾಲ್ಕು ಹೆಂಗಸರು ಸೇರಿದ್ದೆವು. ಕೆಸುವಿನ ಸೊಪ್ಪಿನ ಸಾರು ಹೇಗೆ ಮಾಡುವುದು ಎಂದು ಕೇಳಿದರು. ಹೇಳಿದೆ. ಚರಂಡಿ ಬದಿಯ ಕೆಸು ಬೇಡ, ಮರದ ಮೇಲಿನದೋ ಕಪ್ಪು ದಂಟಿನದೋ ಆಗಬೇಕು. ಕೈ ಒಣಗಿರಬೇಕು. ನಾರು ತೆಗೆದು ಚೆನ್ನಾಗಿ ಬೇಯಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹುಳಿ ಹಾಕಬೇಕು. ಹುಣಸೆಯಾದರೂ ಸರಿ, ಅಮಟೆಕಾಯಿಯಾದರೂ ಸರಿ, ಏನೂ ಇಲ್ಲದಿದ್ದರೆ ಹಂದಿ ಸಾರಿಗೆಂದು ಇಟ್ಟ ಕಾಚಂಪುಳಿಯಾದರೂ ಸರಿ.

“ಹುಳಿ ಆಪ್ಷನಲ್ ಅಲ್ವಾ ಅಮ್ಮಾ?” ಎಂದು ಅವರು ಕೇಳಿದರು.

“ಅಲ್ಲ ಸಾರ್. ಹುಳಿ ಹಾಕದಿದ್ರೆ ಗಂಟಲು ಹಿಡಿಯುತ್ತೆ, ಬಾಯೆಲ್ಲ ಕೆರೆಯುತ್ತೆ. ತಿನ್ನೋದು ನೀವಾದ್ರೆ ಬೇಕಾದ್ರೆ ಆಪ್ಷನಲ್ ಇಟ್ಕೊಳ್ಳಿ” ಎಂದೆ.

ಹೆಂಗಸರೆಲ್ಲ ನಕ್ಕರು. ಅವರೂ ನಕ್ಕು ಟೈಪ್ ಮಾಡಿಕೊಂಡರು. ನಾನು ನನ್ನ ಕಣ್ಣಾರೆ ಕಂಡಿದ್ದೇನೆ, ಬೆರಳು ಓಡಿತು. ಆಮೇಲೆ ನನ್ನನ್ನು ಹೊರಗೆ ಬೆಳಕಿಗೆ ನಿಲ್ಲಿಸಿ, ಕೈಗೆ ಕಟ್ಟು ಕೊಟ್ಟು, “ಸ್ವಲ್ಪ ನಗಿ ಅಮ್ಮಾ” ಎಂದರು. ನಕ್ಕೆ.

ಆಟಿ ಶುರುವಾಗುವ ಹೊತ್ತಿಗೆ ಕರಪತ್ರ ಬಂತು. ನುಣುಪಾದ ಕಾಗದ, ನಾಲ್ಕು ಬಣ್ಣ. ಒಳಗೆ ಕೆಸುವಿನ ಬಗ್ಗೆ ನೀವು ಅಚ್ಚು ಹಾಕಿಸಿದ್ದು ಇಷ್ಟು: ‘ಪಾಲಕ್ ಸೊಪ್ಪಿಗೆ ಅಗ್ಗದ ಪರ್ಯಾಯ. ತೊಳೆದು, ಸಣ್ಣಗೆ ಹೆಚ್ಚಿ, ಚಿಟಿಕೆ ಉಪ್ಪಿನೊಂದಿಗೆ ಐದು ನಿಮಿಷ ಬೇಯಿಸಿ. ಮಕ್ಕಳಿಗೆ ಕೊಡುವಾಗ ಹುಳಿ ಮತ್ತು ಖಾರ ಬಳಸದಿರುವುದು ಉತ್ತಮ.’ ಹುಳಿ ಬಿಟ್ಟುಹೋಗಿದೆ ಎಂದು ನಾನು ಹೇಳುತ್ತಿಲ್ಲ, ಗಮನಿಸಿ. ಬಿಟ್ಟುಹೋದರೆ ಮರೆವು ಎನ್ನಬಹುದಿತ್ತು. ಹುಳಿ ಹಾಕಬೇಡಿ ಎಂದು ಬರೆದಿದ್ದೀರಿ. ಐದು ನಿಮಿಷ ಬೇಯಿಸಿ ಎಂದಿದ್ದೀರಿ. ಹದಿನಾಲ್ಕು ಹೆಂಗಸರನ್ನು ಕೂರಿಸಿ ಕೇಳಿ, ಅವರು ಹೇಳಿದ್ದರ ತದ್ವಿರುದ್ಧ ಬರೆದು, ಅದರ ಮೇಲೆ ನನ್ನ ಮುಖ ಅಂಟಿಸಿದ್ದೀರಿ. ಈ ಕೆಲಸಕ್ಕೆ ಎಷ್ಟು ಮಂದಿ ತಜ್ಞರು ಬೇಕಾದರು?

ಇನ್ನು ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ನಾನು ಒಳಗಿನ ಪುಟ ಓದಲಿಲ್ಲ. ಫೋಟೊ ನೋಡಿದೆ, ಮತ್ತೆ ನೋಡಿದೆ, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದೆ. ಮೊಣ್ಣಪ್ಪನವರು ಜಗಲಿಯಿಂದಲೇ ಕೇಳಿದರು, “ಫೋಟೊ ಚೆಂದ ಉಟ್ಟು. ಒಳಗೆ ಎಂಥ ಉಟ್ಟೂಂತ ಓದಿದೆಯಾ?” (‘ಉಟ್ಟು’ ಎಂದರೆ ನಮ್ಮ ಮಾತಿನಲ್ಲಿ ‘ಇದೆ’ ಎಂದು, ನಿಮಗೆ ತಿಳಿಯದಿದ್ದರೆ.) ನಾನು ಹೇಳಿದ್ದನ್ನೇ ತಾನೆ ಬರೆದಿರುತ್ತಾರೆ, ಅದನ್ನೇನು ಓದುವುದು ಎಂದೆ. ಹಾಗೆಂದು ಹತ್ತು ಪ್ರತಿ ಹಿಡಿದು ಸುತ್ತಲಿನ ಮನೆಗಳಿಗೆ ನಾನೇ ಹಂಚಿಬಂದೆ. ಅದರಲ್ಲಿ ಒಂದು ಶ್ವೇತಳ ಮನೆಗೆ ಹೋಯಿತು.

ಶ್ವೇತ ನಮ್ಮ ಪಕ್ಕದ ಮನೆಯ ಸೊಸೆ. ಗಂಡ ಪ್ರಜ್ಞೇಶ್ ಗೋಣಿಕೊಪ್ಪಲಿನ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಸಣ್ಣವಳಿದ್ದಾಗಲೇ ತಾಯಿ ತೀರಿಹೋಗಿ ಅವಳು ಹಾಸ್ಟೆಲಿನಲ್ಲಿ ಬೆಳೆದವಳು. ಅಡುಗೆ ಕಲಿತದ್ದೆಲ್ಲ ಮದುವೆಯಾದ ಮೇಲೆ, ಪುಸ್ತಕ ನೋಡಿ, ಮೊಬೈಲ್ ನೋಡಿ, ನನ್ನನ್ನು ಕೇಳಿ. ಕಷ್ಟಪಟ್ಟು ಕಲಿತಳು. ತರಕಾರಿ ದುಬಾರಿಯಾದಾಗ ಹಿತ್ತಿಲಿನಲ್ಲಿ ಏನಿದೆ ಎಂದು ನೋಡುವುದನ್ನು ಅವಳಿಗೆ ಹೇಳಿಕೊಟ್ಟವಳು ನಾನು. ಮಗಳಿಗೆ ಹೊಟ್ಟೆತುಂಬ, ರುಚಿಯಾಗಿ, ಇದ್ದುದರಲ್ಲಿ ಒಳ್ಳೆಯದನ್ನು ಉಣಿಸಬೇಕು ಎಂಬುದು ಅವಳಿಗೆ ಹಟ. “ಯಮುನಕ್ಕ, ನಿಮ್ಮ ಫೋಟೊನೇ ಉಟ್ಟಲ್ಲ ಇದ್ರಲ್ಲಿ!” ಎಂದು ಅವಳು ಕುಣಿದದ್ದು ನನಗೆ ಈಗಲೂ ಕಿವಿಯಲ್ಲಿದೆ.

ಎರಡು ದಿನ ಬಿಟ್ಟು ಮಧ್ಯಾಹ್ನ ಬೇಲಿಯಾಚೆಯಿಂದ ಅವಳ ಕೂಗು ಕೇಳಿತು. “ಅಕ್ಕಾ, ಪಾಪುಗೆ ಎಂಥದೋ ಆಯ್ತು, ಬೇಗ ಬನ್ನಿ!” ಓಡಿದೆ. ಮಗು ಬಾಯಿ ತೆರೆದುಕೊಂಡು ಜೊಲ್ಲು ಸುರಿಸುತ್ತ, ಎರಡು ಕೈಯಲ್ಲೂ ನಾಲಗೆ ಹಿಡಿದು ಎಳೆಯುತ್ತಿತ್ತು. ತುಟಿ ದಪ್ಪಗಾಗಿತ್ತು. ಅಳುವುದಕ್ಕೂ ಆಗದೆ ಗೊರಗೊರ ಸದ್ದು ಮಾತ್ರ ಬರುತ್ತಿತ್ತು. ತಟ್ಟೆಯಲ್ಲಿ ಹಸಿರು ಕೆಸುವಿನ ಸಾರು ಕಂಡಿತು. ನೋಡಿದ ಕೂಡಲೇ ತಿಳಿಯಿತು, ಹುಳಿ ಬಿದ್ದ ಸಾರಿನ ಬಣ್ಣವೇ ಬೇರೆ.

“ಹುಳಿ ಹಾಕಲಿಲ್ವಾ ಮಗಾ?” ಎಂದೆ.

“ಹಾಕಬಾರದು ಅಂತ ನೀವೇ ಬರೆದಿದ್ದೀರಲ್ಲ ಅಕ್ಕ” ಎಂದಳು.

ಜೀಪು ಹಿಡಿದು ಮಡಿಕೇರಿಗೆ ಹೋದೆವು. ಆ ದಾರಿ ಅಷ್ಟು ಉದ್ದ ಎಂದು ನನಗೆ ಅವತ್ತೇ ಗೊತ್ತಾದದ್ದು. ಒಂದು ದಿನ ಇಟ್ಟುಕೊಂಡು ನೋಡಿ ಮಗುವನ್ನು ಮನೆಗೆ ಕಳಿಸಿದರು, ಉಸಿರಿಗೆ ತೊಂದರೆ ಆಗಲಿಲ್ಲ. ದೇವರು ದೊಡ್ಡವನು. ನಿಮ್ಮ ಕಚೇರಿ ಮಾತ್ರ ಬಹಳ ಚಿಕ್ಕದು.

ಏಕೆಂದರೆ ಮುಂದಿನ ವಾರವೇ ಅದೇ ಸಮುದಾಯ ಭವನದಲ್ಲಿ ನಿಮ್ಮ ಪರಿಶೀಲನಾ ಸಭೆ ನಡೆಯಿತು. ಶ್ವೇತ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೂರನೆಯ ಸಾಲಿನಲ್ಲಿದ್ದಳು. ಯಾರಾದರೂ ಒಂದು ಸಮಾಧಾನದ ಮಾತು ಹೇಳಿಯಾರು ಎಂದು ಬಂದಿದ್ದಳು. ನೀವು ಎದ್ದು, ‘ಇತ್ತೀಚಿನ ಪ್ರಕರಣವು ತಾಯಿಯ ಅಜಾಗರೂಕತೆ ಹಾಗೂ ಅಡುಗೆ ಅರಿವಿನ ಕೊರತೆಯಿಂದ ಸಂಭವಿಸಿದೆ’ ಎಂದು ಕಾಗದ ನೋಡಿ ಓದಿದಿರಿ. ಅವಳ ಕಡೆ ಎಲ್ಲರೂ ತಿರುಗಿದರು. ನಾನು ಎದ್ದು ಕರಪತ್ರ ತೋರಿಸಿದೆ. ‘ಪ್ರಶ್ನೋತ್ತರ ಕೊನೆಯಲ್ಲಿ’ ಎಂದಿರಿ. ಕೊನೆಯಲ್ಲಿ ನೀವು ಇರಲಿಲ್ಲ, ನಿಮ್ಮ ಕಾರು ಹೋಗಿತ್ತು.

ಅರಿವಿನ ಕೊರತೆ ಎಂದಿರಲ್ಲ ಮಾನ್ಯರೇ, ಯಾರದು? ಅವಳಿಗೆ ಓದು ಬರುತ್ತದೆ, ಅದೇ ಅವಳಿಗೆ ಮುಳುವಾಯಿತು. ಓದು ಬಾರದ ನನ್ನ ಅತ್ತೆ ಬದುಕಿದ್ದರೆ ಆ ಕಾಗದದಲ್ಲಿ ಒಣಮೀನು ಕಟ್ಟಿಡುತ್ತಿದ್ದರು, ಮಗು ಕ್ಷೇಮವಾಗಿರುತ್ತಿತ್ತು.

ನಿಮ್ಮ ಕಚೇರಿಗೆ ಬಂದಾಗ ಲ್ಯಾಪ್‌ಟಾಪಿನವರೇ ಸಿಕ್ಕಿದರು. ಪಾಪ, ಅವರು ಸುಳ್ಳು ಹೇಳಲಿಲ್ಲ. “ನಾನು ನೀವು ಹೇಳಿದ್ದೇ ಕಳ್ಸಿದ್ದೆ ಅಮ್ಮಾ. ಮೇಲಿನವರು ಮಕ್ಕಳಿಗೆ ಹುಳಿ ಬೇಡ ಅಂದ್ರು. ಜಾಗಾನೂ ಕಮ್ಮಿ ಇತ್ತು” ಎಂದರು. ಮೇಲಿನವರು ಅಂದರೆ ಯಾರು ಎಂದು ಕೇಳಿದೆ. ಅವರ ಕಣ್ಣು ನಿಮ್ಮ ಕೋಣೆಯ ಬಾಗಿಲ ಕಡೆ ಹೋಯಿತು. ನೀವು ಕೆಸು ತಿಂದಿದ್ದೀರಾ ಮಾನ್ಯರೇ? ಒಮ್ಮೆಯಾದರೂ? ಹುಳಿಗೆ ಕೆಸುವಿನ ಸಾರಿನಲ್ಲಿ ಏನು ಕೆಲಸ ಎಂದು ಯಾರನ್ನಾದರೂ ಕೇಳಿದ್ದೀರಾ?

ಇಷ್ಟಕ್ಕೇ ನಿಂತಿದ್ದರೆ ನಾನು ಬೈದುಕೊಂಡು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಕಳೆದ ತಿಂಗಳು ನಿಮ್ಮ ಎರಡನೆಯ ಸುತ್ತೋಲೆ ಬಂತು. ‘ಕಾಡು ಹಾಗೂ ಹಿತ್ತಿಲಿನ ಸೊಪ್ಪುಗಳನ್ನು ಮಕ್ಕಳಿಗೆ ನೀಡಬಾರದು. ಬದಲಾಗಿ ಪಾಲಕ್, ಬ್ರೊಕೊಲಿ, ಓಟ್ಸ್, ಪನೀರ್ ಬಳಸಿ.’ ಮೆಚ್ಚಬೇಕು. ಮೊದಲು ನಮ್ಮ ಊಟವನ್ನು ಕೆಡಿಸಿದಿರಿ, ಆಮೇಲೆ ಕೆಟ್ಟಿದೆ ಎಂದು ಕಿತ್ತುಕೊಂಡಿರಿ. ಬ್ರೊಕೊಲಿ ಮೂರ್ನಾಡಿನ ಸಂತೆಯಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದೂ ಒಂದು ಸಾಲು ಬರೆದಿದ್ದರೆ ಉಪಕಾರವಾಗುತ್ತಿತ್ತು. ಅಭಿಯಾನದ ಹೆಸರು ಮಾತ್ರ ಇನ್ನೂ ‘ಕಡಿಮೆ ಖರ್ಚು’.

ಆ ಸುತ್ತೋಲೆಯನ್ನು ನಾವ್ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಶ್ವೇತ ಇಟ್ಟುಕೊಂಡಳು. ಹಿತ್ತಿಲಿನ ಕೆಸುವನ್ನು ಬೇರುಸಹಿತ ಕಿತ್ತು ಬಿಸಾಡಿದಳು. ಅದು ಸರಿ, ಹೆದರಿದವಳು. ಆದರೆ ಒಂದೆಲಗವನ್ನೂ ಕಿತ್ತಳು. ನುಗ್ಗೆಯ ಕೊಂಬೆ ಕಡಿಸಿದಳು. ಹಲಸಿನ ಬೀಜದ ಡಬ್ಬಿಯನ್ನು ನಮ್ಮ ಮನೆಯ ಮೆಟ್ಟಿಲ ಮೇಲೆ ಇಟ್ಟುಹೋದಳು. ಪಾಲಕ್ಕಿಗೆ, ಪನೀರಿಗೆ ಅವಳ ಕೈ ಎಟಕುವುದಿಲ್ಲ. ಹಾಗಾಗಿ ಈಗ ಆ ಮಗುವಿನ ಊಟ ಏನು ಗೊತ್ತೇ? ಬಿಳಿ ಅನ್ನ, ಪ್ಯಾಕೆಟ್ ಸಾರಿನ ಪುಡಿ, ಚಹಾದಲ್ಲಿ ಅದ್ದಿದ ಬಿಸ್ಕೆಟ್. ಎರಡು ತಿಂಗಳ ಹಿಂದೆ ಏಡಿ ಸಾರು ಸುರಿದುಕೊಂಡು ಬೆರಳು ನೆಕ್ಕುತ್ತಿದ್ದ ಮಗು ಅದು. ಕೆನ್ನೆ ಇಳಿದಿದೆ. ನಾನು ಪಲ್ಯ ಮಾಡಿ ಕಳಿಸಿದರೆ ಪಾತ್ರೆ ಮುಚ್ಚಳ ತೆಗೆಯದೆ ಹಿಂದೆ ಬರುತ್ತದೆ. ನನಗೆ ಹೊಟ್ಟೆ ಉರಿಯುತ್ತದೆ, ನಿಮ್ಮ ಮೇಲೆ ಉರಿಯುತ್ತದೆ, ನನ್ನ ಮೇಲೂ ಉರಿಯುತ್ತದೆ.

ಒಂದು ಸಂಜೆ ಬೇಲಿಯ ಹತ್ತಿರ ನಿಂತು ಅವಳಿಗೆ ಕೈ ಮುಗಿದೆ. “ತಪ್ಪು ನಿಂದಲ್ಲ ಶ್ವೇತ, ನಾನು ಓದದೆ ಕೊಟ್ಟೆ” ಎಂದೆ. “ಬಿಡಿ ಅಕ್ಕ, ಮೈಕ್‌ನಲ್ಲಿ ಹೇಳಿ ಆಯ್ತಲ್ಲ, ನಂಗೆ ಅಡುಗೆ ಬರುದಿಲ್ಲ ಅಂತ” ಎಂದು ಒಳಗೆ ಹೋದಳು. ಕಣ್ಣಲ್ಲಿ ನೀರು ಕೂಡ ಇರಲಿಲ್ಲ.

ಆದ್ದರಿಂದ ನನ್ನ ಒತ್ತಾಯ ಇದು. ಕರಪತ್ರವನ್ನು ಹಿಂತೆಗೆಯಿರಿ, ಹುಳಿಯ ಸಾಲು ಸೇರಿಸಿ ಮತ್ತೆ ಅಚ್ಚು ಹಾಕಿಸಿ, ಜಾಗ ಸಾಲದಿದ್ದರೆ ಒಬ್ಬ ಅಧಿಕಾರಿಯ ಫೋಟೊ ತೆಗೆಯಿರಿ. ಸಭೆಯಲ್ಲಿ ಓದಿದ್ದನ್ನು ಅದೇ ಸಭೆಯಲ್ಲಿ, ಅದೇ ಮೈಕಿನಲ್ಲಿ ತಪ್ಪೆಂದು ಹೇಳಿ. ಅಷ್ಟು ಮಾಡಿ ಕಾರು ಹತ್ತಬೇಡಿ. ಶ್ವೇತಳ ಅಡುಗೆಮನೆಗೆ ಬನ್ನಿ. ಕೆಸು ನಾನು ತರುತ್ತೇನೆ. ಅಮಟೆಕಾಯಿ ಜಜ್ಜಿ ಕೊಡುತ್ತೇನೆ. ಸಾರು ಅವಳೇ ಮಾಡಲಿ. ನೀವು ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಅವಳು ನೋಡುತ್ತಿರುವಾಗ, ಮೊದಲ ತುತ್ತು ತಿನ್ನಬೇಕು. ತಿಂದು ನುಂಗಿ, ನೀರು ಕುಡಿಯದೆ, “ಅಡುಗೆ ಚೆನ್ನಾಗಿದೆಯಮ್ಮ, ತಪ್ಪು ನಮ್ಮದು” ಎಂದು ಹೇಳಬೇಕು. ನಾನು ಹೇಳಿದರೆ ಅವಳು ನಂಬುವುದಿಲ್ಲ. ಅವಳು ಅಚ್ಚಾದದ್ದನ್ನು ನಂಬುವ ಹುಡುಗಿ, ಅಚ್ಚು ಹಾಕಿಸಿದವರೇ ಬಂದು ಹೇಳಬೇಕು. ಆಮೇಲೆ ಆ ತಟ್ಟೆಯಿಂದ ಒಂದು ತುತ್ತು ಅವಳು ಮಗಳ ಬಾಯಿಗೆ ಇಡುತ್ತಾಳೋ ಇಲ್ಲವೋ, ಅದನ್ನು ನೋಡಿಕೊಂಡೇ ನೀವು ಏಳಬೇಕು.

ಇಂತಿ,
ಫೋಟೊ ನೋಡಿ ಒಳಗಿನದು ಓದದೆ ಹಂಚಿದ ತಪ್ಪಿನವಳು,
ಯಮುನ
ಮೂರ್ನಾಡು