ಚೂಟಿಗಾಗಿ ಕಲಿತ ಇಂಗ್ಲಿಷು

ಹದಿನೇಳನೇ ತಾರೀಖು, ಭಾನುವಾರ ಮಧ್ಯಾಹ್ನ

ಕೈಯಿದ್ದೂ ಕಾಗದ ಬರೆಯದ ನನ್ನ ಮಗಳಿಗೆ,

ಏನೇ, ಆಸ್ಪತ್ರೆಯಲ್ಲಿ ಊರವರಿಗೆಲ್ಲ ಸೂಜಿ ಚುಚ್ಚುವ ಕೈಗೆ ಒಂದು ಪೆನ್ನು ಭಾರವಾಯಿತೇ? ಫೋನು ಮಾಡಿದರೆ "ಡ್ಯೂಟೀಲಿದೀನಮ್ಮ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ನಿನ್ನ ಆ ಆಮೇಲೆ ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದರ ಬಾಯಿ ಮುಚ್ಚಿಸಲು ಯಾವ ಗುಂಡಿಯೂ ಇಲ್ಲ. ನಿಂತುಕೊಂಡು ಓದಬೇಡ, ಕೂತು ಓದು. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಗಂಡನಿಗೆ ತೋರಿಸಿ ನಗಲೂ ಬೇಡ. ಅವನಿಗೆ ನಮ್ಮ ಭಾಷೆಯೇ ಬಾರದು, ಮುತ್ತು ಪೋಣಿಸಿದ ಹಾಗೆ ಬರೆದರೂ ಅವನ ಪಾಲಿಗೆ ಕೋಳಿಯೇ.

ನಾನೂ ತಡಮಾಡಿದೆ, ಒಪ್ಪಿದೆ. ಈಗ ಹೊಸ ಪುಸ್ತಕಗಳ ಕಾಲ. ಮಕ್ಕಳು ರಜೆಯಲ್ಲಿ ಆಡುತ್ತವೆ, ನಾವು ಅವುಗಳ ಪುಸ್ತಕ ಹೊಲಿಯುತ್ತೇವೆ. ಮೆಟ್ಟಿಲ ಮೇಲೆಲ್ಲ ಅಚ್ಚಾದ ಹಾಳೆಗಳ ರಾಶಿ. ಮೇಲೆ ಹೋಗಬೇಕಾದರೆ ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡು ಹೋಗಬೇಕು. ನಿನ್ನ ಅಣ್ಣ ಕತ್ತರಿಸುವ ಯಂತ್ರದ ಹತ್ತಿರ, ಅತ್ತಿಗೆ ಹೊಲಿಯಲು, ನಾನು ಉದ್ದದ ಮೇಜಿನ ಮುಂದೆ ಹಾಳೆ ಮಡಿಸಲು. ಊಟದ ತಟ್ಟೆಯಲ್ಲೂ ಗೋಂದಿನ ವಾಸನೆ. ಎಲ್ಲರೂ ಸೌಖ್ಯ. ನನ್ನ ಮಂಡಿಯೊಂದನ್ನು ಬಿಟ್ಟು.

ಈ ಮಡಿಸುವ ಕೆಲಸದಲ್ಲೇ ನನಗೆ ಇಂಗ್ಲಿಷಿನ ಹುಚ್ಚು ಹತ್ತಿತು. ಮಸಿ ಚೆಲ್ಲಿದ, ಓರೆಯಾಗಿ ಅಚ್ಚಾದ ಹಾಳೆಗಳು ರದ್ದಿಗೆ ಹೋಗುತ್ತವಲ್ಲ, ಹಾಗೆ ಚಿಕ್ಕ ಮಕ್ಕಳ ಇಂಗ್ಲಿಷ್ ಪುಸ್ತಕದ ಹಾಳೆಗಳು ಸುಮಾರು ಬಿದ್ದಿದ್ದವು. ಚೂಟಿ ರಜೆಗೆ ಬರುತ್ತಾಳೆ ಎಂದು ನೀನು ಹೇಳಿದ್ದೆ. ಬಂದ ಮೊಮ್ಮಗಳ ಮುಂದೆ ಕೈಸನ್ನೆ ಮಾಡುತ್ತಾ ಕೂರಲೇ? ಹಾಳೆ ಎತ್ತಿಟ್ಟುಕೊಂಡೆ. ಅತ್ತಿಗೆ ಒಂದೊಂದು ಸಾಲಿನ ಮೇಲೂ ನಮ್ಮ ಅಕ್ಷರದಲ್ಲಿ ಬರೆದುಕೊಟ್ಟಳು. ಎಲ್ಲ ಸಾಲೂ ಯಾವುದೋ ಒಂದು ಮಗುವಿನ ಬಗ್ಗೆಯೇ.

"ಅತ್ತೆ, ಲುಕ್ ಅಟ್ ದಿ ಚೈಲ್ಡ್ ಅಂದ್ರೆ ಮಗೂನ ನೋಡು. ಲುಕ್ ಫಾರ್ ಅಂದ್ರೆ ಹುಡುಕು. ಲುಕ್ ಆಫ್ಟರ್ ಅಂದ್ರೆ ಜೋಪಾನ ಮಾಡು."

"ನೋಡೋದು ಅದೇ ಕಣ್ಣಲ್ವೇನೇ? ಹಿಂದೆ ಒಂದು ಚೂರು ಅಂಟಿಸಿದ್ರೆ ಸಾಕಿದೋಳೂ ಕಳ್ಕೊಂಡೋಳೂ ಬೇರೆ ಬೇರೆ ಆಗ್ಬಿಡ್ತಾರಾ?"

"ಅದು ಹಾಗೇ ಅತ್ತೆ. ಯಾಕೆ ಅಂತ ಕೇಳ್ಬೇಡಿ. ನಾನು ಶಾಲೇಲಿ ಕೇಳಿ ಏಟು ತಿಂದಿದೀನಿ."

ನಿನ್ನ ಅಣ್ಣ ಯಂತ್ರ ನಿಲ್ಲಿಸಿ, "ಅಮ್ಮ, ನೀನು ಇಂಗ್ಲಿಷಲ್ಲೂ ಬೈಯೋಕೆ ಶುರು ಮಾಡಿದ್ರೆ ನಾನು ಊರು ಬಿಡ್ತೀನಿ" ಎಂದ. "ನಿನ್ನ ಮೇಲೆ ಇಂಗ್ಲಿಷ್ ಖರ್ಚು ಮಾಡೋದ್ಯಾಕೋ, ಇರೋ ಮಾತೇ ಹೆಚ್ಚು" ಎಂದೆ.

ಒಂದು ಮಾತು ಹೇಳುತ್ತೇನೆ, ನೀನು ಓದಿದವಳು, ತಪ್ಪಿದ್ದರೆ ತಿದ್ದು. ನಮ್ಮಲ್ಲಿ ಮಗುವನ್ನು, ಮಗುವಿಗೆ, ಮಗುವಿನಿಂದ ಎಂದು ಎಲ್ಲವೂ ಮಗುವನ್ನೇ ಅಪ್ಪಿಕೊಂಡಿರುತ್ತದೆ. ಅವರಲ್ಲಿ ಹಾಗಲ್ಲ. ಮಗು ಆ ಕಡೆ ಒಂಟಿಯಾಗಿ ನಿಂತಿರುತ್ತದೆ, ಬಾಗಿಲಲ್ಲಿ ಒಬ್ಬ ಕುಳ್ಳ ಕಾವಲುಗಾರ. ಅಟ್ ಒಬ್ಬ, ಫಾರ್ ಒಬ್ಬ, ಟು ಒಬ್ಬ. ಸರಿಯಾದವನನ್ನು ಕರೆಯದಿದ್ದರೆ ಮಗುವಿನ ಹತ್ತಿರ ಬಿಡುವುದಿಲ್ಲ. ಹಾಳೆ ಮಡಿಸುತ್ತಾ, ಪಾತ್ರೆ ತಿಕ್ಕುತ್ತಾ ಅವರನ್ನೆಲ್ಲ ಬಾಯಿಪಾಠ ಮಾಡಿದೆ.

ಹೋದ ತಿಂಗಳು ಚೂಟಿಯ ಹುಟ್ಟುಹಬ್ಬಕ್ಕೆ ಫೋನು ಮಾಡಿದೆವಲ್ಲ, ಆ ದಿನ ಬೆಳಿಗ್ಗೆಯಿಂದ ಪರೀಕ್ಷೆಗೆ ಹೋಗುವ ಹುಡುಗಿಯ ಹಾಗೆ ಆ ಸಾಲುಗಳನ್ನೇ ಗುನುಗುತ್ತಾ ಓಡಾಡಿದೆ. ನೀನು ಅವಳ ಕೈಗೆ ಫೋನು ಕೊಟ್ಟೆ. ನಾನು ಕಣ್ಣು ಮುಚ್ಚಿ ಹೇಳಿದೆ: "ದಿ ಗ್ರ್ಯಾಂಡ್‌ಮದರ್ ವೇಟ್ಸ್ ಫಾರ್ ದಿ ಚೈಲ್ಡ್." ಅಜ್ಜಿ ಮಗುವಿಗಾಗಿ ಕಾಯುತ್ತಾಳೆ. "ದಿ ಗ್ರ್ಯಾಂಡ್‌ಮದರ್ ಲುಕ್ಸ್ ಆಫ್ಟರ್ ದಿ ಚೈಲ್ಡ್." ಒಂದು ಅಕ್ಷರವೂ ತೊದಲಲಿಲ್ಲ.

ಅವಳು, "ವಿಚ್ ಚೈಲ್ಡ್?" ಎಂದಳು.

ಯಾವ ಮಗು ಎಂದು ಕೇಳಿದರೆ ಏನು ಹೇಳಲಿ? ನೀನೇ ಕಣೇ ನನ್ನ ಬಂಗಾರ ಎಂದು ಅವಳ ಭಾಷೆಯಲ್ಲಿ ಹೇಳಲು ನನ್ನ ಹತ್ತಿರ ಮಾತಿರಲಿಲ್ಲ. ನಾನು, ನೀನು ಎಂಬ ಪಾಠ ಇದ್ದದ್ದು ಬೇರೆ ಹಾಳೆಯಲ್ಲಂತೆ. ಆ ಹಾಳೆಯಲ್ಲಿ ಮಸಿ ಚೆಲ್ಲಿರಲಿಲ್ಲ, ಸರಿಯಾಗಿ ಅಚ್ಚಾಗಿ, ಪುಸ್ತಕದೊಳಗೆ ಸೇರಿ, ಅಂಗಡಿಗೆ ಹೋಗಿಬಿಟ್ಟಿತ್ತು. ನನ್ನ ಪಾಲಿಗೆ ಬಂದದ್ದು ರದ್ದಿಯಷ್ಟೇ. ಗಾಬರಿಯಲ್ಲಿ ಮುಂದಿನ ಸಾಲೇ ಬಾಯಿಗೆ ಬಂತು: "ದಿ ಚೈಲ್ಡ್ ರನ್ಸ್ ಅವೇ ಫ್ರಮ್ ದಿ ಡಾಗ್." ಮಗು ನಾಯಿಯಿಂದ ಓಡಿಹೋಗುತ್ತದೆ! ಹುಟ್ಟುಹಬ್ಬದ ದಿನ ಆಡುವ ಮಾತೇ ಅದು? ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು. ನೀನು ಫೋನು ತೆಗೆದುಕೊಂಡು, "ಅಮ್ಮ, ಅವಳಿಗೆ ನಿದ್ದೆ ಬಂದಿದೆ" ಎಂದೆ. ಹಾಡು ಹಗಲು ಹನ್ನೊಂದು ಗಂಟೆ.

ಆಮೇಲೆ ರಜೆಯ ಮಾತೇ ಇಲ್ಲ. ಈಜು ಕಲಿಯಲು ಸೇರಿಸಿದ್ದೀಯ ಎಂದು ಅಣ್ಣನಿಂದ ತಿಳಿಯಿತು. ಕಲಿಯಲಿ, ಒಳ್ಳೆಯದೇ. ಅವಳಿಗೆಂದು ಕಿಟಕಿಯ ಹತ್ತಿರದ ಮಂಚ ಖಾಲಿ ಮಾಡಿಸಿದ್ದೆ, ಈಗ ಅದರ ಮೇಲೂ ಹಾಳೆ ಪೇರಿಸಿದ್ದಾರೆ. ನೀನು ಚಿಕ್ಕವಳಿದ್ದಾಗ ನಿನ್ನ ಹಟಕ್ಕೆ ಉತ್ತರವಾಗಿ ನಾನು ಎಷ್ಟು ಮಾತಾಡುತ್ತಿದ್ದೆ! ಬೀದಿಯ ಆ ತುದಿಗೂ ಕೇಳುತ್ತಿತ್ತು. ಇಷ್ಟುದ್ದ ನಾಲಿಗೆ ಇಟ್ಟುಕೊಂಡು ಒಂದು ಮಗುವಿಗೆ ನೀನು ಎನ್ನಲಾಗದೆ ನಿಂತೆನಲ್ಲ, ಅದು ನನ್ನನ್ನು ಸುಮ್ಮನಿರಲು ಬಿಡುತ್ತಿಲ್ಲ. ಅತ್ತಿಗೆ ಒಂದು ಇಡೀ ಪುಸ್ತಕವನ್ನೇ ತಂದುಕೊಟ್ಟಿದ್ದಾಳೆ. ಮುಟ್ಟಿಲ್ಲ.

ನಿನ್ನ ಗಂಡನಿಗೆ ನನ್ನ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಊಟ ಮಾಡು, ರಾತ್ರಿ ಪಾಳಿ ಮುಗಿಸಿ ಬಂದು ನೇರ ಪಾತ್ರೆಗೆ ಕೈ ಹಾಕಬೇಡ, ಅವನಿಗೂ ಕೈಗಳಿವೆ. ಚೂಟಿ ನೂರು ವರ್ಷ ಬಾಳಲಿ, ಅವಳು ಹೋದ ಕಡೆಯೆಲ್ಲ ಅವಳ ಮಾತು ನಾಲ್ಕು ಜನ ಕೇಳುವಂತಾಗಲಿ.

ಇಂತಿ,
ನಿನ್ನ ಅಮ್ಮ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ಆ ದಿನ ನೀನು ಫೋನು ಕೆಳಗಿಟ್ಟೆ, ಆರಿಸಲಿಲ್ಲ. ಚೂಟಿ ನಿನ್ನನ್ನು ಕೇಳಿದ್ದು ನನಗೆ ಕೇಳಿಸಿತು: "ಡು ಐ ಹ್ಯಾವ್ ಟು ಸ್ಟೇ ವಿತ್ ದಟ್ ಲೇಡಿ?" ನೀನು, "ನೋ ಡಾರ್ಲಿಂಗ್, ಯು ಡೋಂಟ್" ಎಂದೆ. ಅತ್ತಿಗೆಯನ್ನು ಕೇಳಿದರೆ, "ಅಜ್ಜಿ ಚೆನ್ನಾಗಿ ಮಾತಾಡ್ತಾರೆ ಅಂದ್ಲು ಅತ್ತೆ" ಎಂದಳು. ಪಾಪ, ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಆ ಹೆಂಗಸಿನ ಜೊತೆ ಇರಲೇಬೇಕಾ ಎಂದು ಮಗು ಕೇಳಿತು, ಬೇಡ ಎಂದು ನೀನು ಹೇಳಿದೆ. ಲೇಡಿ, ನೋ ಎಂಬುದು ಯಾರಿಗೆ ಗೊತ್ತಿಲ್ಲ, ಸ್ಟೇ ವಿತ್ ಆ ಹಾಳೆಯ ಮೊದಲ ಸಾಲಿನಲ್ಲೇ ಇತ್ತು ಕಣೇ. ನಾನು ಏನೂ ಕಲಿಯದೆ ಇದ್ದಿದ್ದರೆ, ಮಗು ಏನೋ ಮುದ್ದು ಮಾತಾಡಿತು ಎಂದುಕೊಂಡು ಇವತ್ತಿಗೂ ನಗುತ್ತಾ ಇರುತ್ತಿದ್ದೆ. ಚೂಟಿಯನ್ನು ಬೈಯಬೇಡ, ಅವಳಿಗೆ ನಾನು ಯಾರೋ ಹೆಂಗಸೇ. ನಿನಗೆ ಅಲ್ಲವಲ್ಲ? ಅದು ನನ್ನ ಅಮ್ಮ ಎಂದು ಅವಳಿಗೆ ಯಾಕೆ ಹೇಳಲಿಲ್ಲ? ಇದೊಂದಕ್ಕೆ ಉತ್ತರ ಬರಿ. ಫೋನು ಮಾಡಬೇಡ, ಕಾಗದದಲ್ಲಿ ಬರಿ. ಮುಂದಿನ ತಿಂಗಳು ಶುರುವಾಗುವ ಮೊದಲು ಅದು ನನ್ನ ಕೈಯಲ್ಲಿರಬೇಕು.