ಮರುಪರೀಕ್ಷೆಯ ತಟ್ಟೆ

ತಾರೀಕು ಹದಿನಾಲ್ಕು, ಮಂಗಳವಾರ
ಊಟದ ಬಿಡುವಿನಲ್ಲಿ

ನನ್ನ ಚೂಟಿಗೆ,

ಅಮ್ಮನ ನೂರು ಮುತ್ತು. ನಿನ್ನ ಕಾಗದ ಶನಿವಾರವೇ ಬಂತು. ಮೇಜಿನ ಮೇಲೆ ಕಡತಗಳು ಹುತ್ತದ ಹಾಗೆ ಬೆಳೆಯುತ್ತಿವೆ, ಮೇಲಿನವರು ಬೆಳಿಗ್ಗೆ ಹೇಳಿದ್ದನ್ನು ಮಧ್ಯಾಹ್ನ ತಾವೇ ಮರೆಯುತ್ತಾರೆ, ಮೊನ್ನೆ ಕೈತೊಳೆಯುವ ಕೋಣೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ ಎಂದು ಬರೆದಿದ್ದೀಯ. ಕೊನೆಗೆ, ಅಮ್ಮಾ ನೀನು ಅಷ್ಟು ಅಚ್ಚುಕಟ್ಟಾಗಿ ಹೇಗಿರ್ತೀಯ, ನಂಗೂ ಸ್ವಲ್ಪ ಹೇಳ್ಕೊಡು ಅಂತ ಕೇಳಿದ್ದೀಯ.

ಹೇಳಿಕೊಡುತ್ತೇನೆ. ಆದರೆ ಅದನ್ನು ಹೇಳಬೇಕಾದರೆ ಇನ್ನೊಂದನ್ನೂ ಹೇಳಬೇಕು. ಅದಕ್ಕೇ ಮೂರು ದಿನ ತಡವಾಯಿತು.

ಅಪ್ಪ ಹೋದ ಮೇಲೆ ಹದಿನೈದು ದಿನಕ್ಕೆ ನಾನು ಕನ್ನಡಕದ ಕಾರ್ಖಾನೆಗೆ ವಾಪಸು ಬಂದೆನಲ್ಲ, ಆಗ ನನ್ನ ಮೇಜನ್ನು ನೀನು ನೋಡಬೇಕಿತ್ತು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ತಟ್ಟೆ; ಅದರಲ್ಲಿ ಎರಡು ಗಾಜು, ಒಂದು ಚೌಕಟ್ಟು, ಒಂದು ಚೀಟಿ. ಆ ಚೀಟಿ ಬರೆಯುವುದೇ ನನ್ನ ಕೆಲಸ. ಅದರಲ್ಲೇ ತಪ್ಪು ಮಾಡಿದೆ. ಒಬ್ಬ ಲಾರಿ ಡ್ರೈವರಿನ ಗಾಜು ಒಬ್ಬ ದರ್ಜಿಗೆ ಹೋಯಿತು. ಆತ ಬಂದು, ಏನಮ್ಮಾ, ಕೈಲಿರೋ ಸೂಜಿ ಕಾಣ್ತಿಲ್ಲ, ಎದುರು ಬೀದಿ ಗೋಡೆ ಮೇಲಿನ ಇರುವೆ ಕಾಣ್ತಿದೆ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಉಗ್ರಾಣದಲ್ಲಿ ಖಾಲಿ ಡಬ್ಬಗಳ ನಡುವೆ ತುಂಬ ಹೊತ್ತು ನಿಂತಿದ್ದೆ. ನಿನಗೆ ನಲ್ಲಿ, ನನಗೆ ಉಗ್ರಾಣ.

ಆ ವಾರವೇ ಒಂದು ನೋಟುಪುಸ್ತಕ ತಂದೆ. ಬೆಳಿಗ್ಗೆ ಕೂತ ತಕ್ಷಣ ಮೂರೇ ಕೆಲಸ ಬರೆಯುತ್ತೇನೆ, ನಾಲ್ಕನೆಯದು ಎಷ್ಟು ಗೋಗರೆದರೂ ಬರೆಯುವುದಿಲ್ಲ. ಕೆಂಪು ತಟ್ಟೆ ಇವತ್ತಿಗೆ, ಹಳದಿ ನಾಳೆಗೆ, ನೀಲಿ ಮರುಪರೀಕ್ಷೆಗೆ. ಫೋನು ಎಷ್ಟೇ ಬಡಿದುಕೊಳ್ಳಲಿ, ಬರೆಯುತ್ತಿರುವ ಸಾಲು ಮುಗಿಸಿಯೇ ಎತ್ತುತ್ತೇನೆ. ಸಿಟ್ಟು ಬಂದರೆ ಯಾರ ಮೇಲೂ ಹಾಯುವುದಿಲ್ಲ, ಒಂದು ಗಾಜು ತೆಗೆದುಕೊಂಡು ಒರೆಸುತ್ತೇನೆ. ನಾಲ್ಕು ಗಂಟೆಯ ಹೊತ್ತಿಗೆ ಪಡುವಣ ಕಿಟಕಿಯ ಬಿಸಿಲು ಸಾಲು ತಟ್ಟೆಗಳ ಮೇಲೆ ಬೀಳುತ್ತದೆ. ಸುಣ್ಣದ ಗೋಡೆಯ ತುಂಬ ಬೆಳಕಿನ ಸಣ್ಣ ಸಣ್ಣ ಮೀನುಗಳು. ನೀರಿನಲ್ಲಿ ಉಜ್ಜುವ ಯಂತ್ರ ಗುಂಯ್ ಎನ್ನುತ್ತಿರುತ್ತದೆ. ಇಡೀ ಕೋಣೆ ಕೆರೆಯ ತಳದಲ್ಲಿದೆ, ನಾವೆಲ್ಲ ಅಲ್ಲಿ ನಿಧಾನವಾಗಿ ಕೈಯಾಡಿಸುತ್ತಿದ್ದೇವೆ ಅನಿಸುತ್ತದೆ. ಆ ಹೊತ್ತಿನಲ್ಲಿ ಮೂರನೆಯ ಮೇಜಿನ ಕಡೆ ನೋಡಿದರೆ, ಚೌಕಟ್ಟಿಗೆ ಗಾಜು ಕೂರಿಸುತ್ತಾ ನಿಮ್ಮಪ್ಪ ಮೊದಲಿನ ಹಾಗೇ ತಲೆಬಗ್ಗಿಸಿ ಕೂತಿದ್ದಾರೆ ಎಂದುಕೊಳ್ಳುವುದು ಕಷ್ಟವೇ ಅಲ್ಲ.

ಈಗ ಆ ಮಾತು. ಅಪ್ಪನ ಕನ್ನಡಕ ನನಗೆ ಬೇಕು ಅಂತ ಅವರು ಹೋದಾಗ ನೀನು ಕೇಳಿದೆ. ಆಸ್ಪತ್ರೆಯಲ್ಲಿ ಎಲ್ಲೋ ಕಳೆದುಹೋಯಿತು ಎಂದು ನಾನು ಹೇಳಿದೆ. ಅಷ್ಟು ದೂರದಿಂದ ಹೋಗಿ ಆ ವಾರ್ಡಿನ ದಾದಿಯರನ್ನು ಎರಡು ಸಲ ಕೇಳಿದೆಯಂತೆ ನೀನು. ಅದು ಕಳೆದಿರಲಿಲ್ಲ, ಮಗಳೇ. ನೀಲಿ ತಟ್ಟೆಯಲ್ಲಿತ್ತು.

ಮನೆಯಲ್ಲಿಟ್ಟುಕೊಂಡರೆ ಅದು ಸತ್ತವರ ಸಾಮಾನು. ತಟ್ಟೆಯಲ್ಲಿಟ್ಟರೆ ಇನ್ನೂ ನಡೆಯುತ್ತಿರುವ ಕೆಲಸ. ಹಾಗೆಂದು ಒಂದು ದಿನ ಚೀಟಿ ಬರೆದು, ಮೇಜಿನಿಂದ ಮೇಜಿಗೆ ಹೋಗುವ ತಟ್ಟೆಗಳ ಸಾಲಿಗೆ ಬಿಟ್ಟೆ. ಎಡಗಾಜಿನಲ್ಲಿ ಗೀರಿದೆಯಲ್ಲ, ಅಂಗಿಯ ಚುಂಗಿನಲ್ಲಿ ಒರೆಸಿ ಒರೆಸಿ ಮಾಡಿಕೊಂಡದ್ದು. ಗೀರಿದ್ದ ಗಾಜು ಪಾಸಾಗುವುದಿಲ್ಲ. ಕೊನೆಯ ಮೇಜಿನ ಪರೀಕ್ಷಕಿ ನೋಡಿದಳು, ಗೀರು ಇದೆ, ಮರುಪರೀಕ್ಷೆ ಎಂದು ಬರೆದು ನನಗೆ ಕಳಿಸಿದಳು. ಮರುದಿನ ನಾನು ಮತ್ತೆ ಬಿಟ್ಟೆ. ಅವಳು ಮತ್ತೆ ಬರೆದಳು. ಎಂಟು ತಿಂಗಳು. ನನ್ನ ಕಳ್ಳಾಟ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ಹೋದ ಶುಕ್ರವಾರ ಹೊಸ ಮೇಲ್ವಿಚಾರಕ ಹಳೆಯ ತಟ್ಟೆಗಳನ್ನೆಲ್ಲ ತೆಗೆಸಿದ. ಏಳು ದಿನ ದಾಟಿದ್ದು ಒಂದೂ ಇರಬಾರದು ಎನ್ನುವುದು ಅವನ ಲೆಕ್ಕ. ನೀಲಿ ತಟ್ಟೆ ಎತ್ತಿ ಹಿಡಿದು, ಇದು ಯಾರದ್ರೀ ಅಂತ ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ನಾನೊಬ್ಬಳೇ ಹೆಗಲು ಮುಟ್ಟಿಕೊಳ್ಳುತ್ತೇನೆ ಎಂದುಕೊಂಡಿದ್ದೆ, ಮೂವರೂ ಮುಟ್ಟಿಕೊಂಡೆವು. ಪರೀಕ್ಷಕಿ, ಗಿರಾಕಿ ಇನ್ನೂ ಬಂದಿಲ್ಲ ಸಾರ್ ಅಂದಳು. ಗಾಜು ಉಜ್ಜುವವ, ನಾವೆಲ್ಲ ಮಾವ ಎಂದೇ ಕರೆಯುವುದು, ಯಂತ್ರ ನಿಲ್ಲಿಸಿ, ತಪ್ಪು ನಂದೇ ಬಿಡಿ, ಆ ಗೀರು ತೆಗೆಯೋಕೆ ಐದು ನಿಮಿಷ ಸಾಕು, ತೆಗೆದ್ರೆ ಅದು ಯಾರದೋ ಕನ್ನಡಕ ಆಗೋಗುತ್ತೆ, ಅದಕ್ಕೇ ತೆಗೀಲಿಲ್ಲ ಅಂದ. ಆಗ ಗೊತ್ತಾಯಿತು ನನಗೆ. ಚೀಟಿಯ ಹಿಂದೆ ಚೀಟಿ ಪಿನ್ನು ಮಾಡಿ ಪುಸ್ತಕದಷ್ಟು ದಪ್ಪವಾಗಿತ್ತು, ಹಿಂದಿನವನ್ನು ನಾನು ಯಾವತ್ತೂ ಮಗುಚಿ ನೋಡಿರಲಿಲ್ಲ. ನಾನು ರಜೆ ಹಾಕಿದ ದಿನಗಳಲ್ಲೂ ಯಾರೋ ಅದನ್ನು ಸಾಲಿಗೆ ಬಿಟ್ಟಿದ್ದರು. ಅಷ್ಟೂ ದಿನ ಮಾವನ ಸಹಿ ಇತ್ತು, ಅವಳ ಸಹಿ ಇತ್ತು.

ಮೇಲ್ವಿಚಾರಕ ಚೀಟಿಗಳನ್ನು ಒಂದೊಂದಾಗಿ ಮಗುಚಿದ. ಮೂರನೆಯ ಮೇಜಿನ ಖಾಲಿ ಕುರ್ಚಿಯನ್ನು ನೋಡಿದ. ನಂಗೂ ಮೇಲೊಬ್ರು ಕೇಳೋರಿದ್ದಾರಮ್ಮ, ಬುಧವಾರ ಸಂಜೆಯೊಳಗೆ ಈ ತಟ್ಟೆ ಖಾಲಿಯಾಗ್ಲಿ, ಯಾರಿಗೆ ಸೇರಬೇಕೋ ಅವರ ವಿಳಾಸ ಬರೀರಿ ಅಂದ. ಗದರಿಸಲಿಲ್ಲ. ಗದರಿಸಿದ್ದರೆ ಒಂದು ಗಾಜು ತೆಗೆದುಕೊಂಡು ಒರೆಸುತ್ತಿದ್ದೆ. ಮೆತ್ತಗೆ ಹೇಳಿದ್ದಕ್ಕೆ ಏನು ಮಾಡಬೇಕೆಂದು ನನ್ನ ನೋಟುಪುಸ್ತಕದಲ್ಲಿ ಬರೆದಿಲ್ಲ.

ಬುಧವಾರವೆಂದರೆ ನಾಳೆ. ಚೀಟಿಯಲ್ಲಿ ನಿನ್ನ ವಿಳಾಸ ಬರೆದಿದ್ದೇನೆ. ಅಕ್ಷರ ಸ್ವಲ್ಪ ದೊಡ್ಡದಾಯಿತು. ಕನ್ನಡಕ ನಿನಗೆ ಬರುತ್ತದೆ. ಸುಳ್ಳು ಹೇಳಿದ್ದಕ್ಕೆ ಸಿಟ್ಟು ಮಾಡು, ಎರಡು ದಿನ ಕಾಗದ ಬರೆಯಬೇಡ, ಮೂರನೆಯ ದಿನ ಬರೆ. ಮತ್ತೆ ಆ ಕಡತಗಳು: ಅಚ್ಚುಕಟ್ಟಾಗಿರುವವರಿಗೆಲ್ಲ ನೆಮ್ಮದಿ ಇರುತ್ತದೆ ಎಂದು ತಿಳಿಯಬೇಡ. ಕೆಲವರು ಎಲ್ಲವನ್ನೂ ಸಾಲಾಗಿ ಜೋಡಿಸುವುದು ಒಂದನ್ನು ಬಚ್ಚಿಡುವುದಕ್ಕೆ. ನೀನು ಮೂರು ಕೆಲಸ ಬರೆದುಕೋ, ನಾಲ್ಕನೆಯದಕ್ಕೆ ಅಳು ಬಂದರೆ ನಲ್ಲಿ ಬಿಡದೆಯೇ ಅಳು. ಯಾರಾದರೂ ಕೇಳಿಸಿಕೊಳ್ಳಲಿ. ನಮ್ಮಲ್ಲಿ ಕೇಳಿಸಿಕೊಂಡವರೇ ಎಂಟು ತಿಂಗಳು ಸಹಿ ಹಾಕಿದ್ದು.

ಗಂಟೆ ಹೊಡೆಯಿತು. ಯಂತ್ರ ಶುರುವಾಗುತ್ತಿದೆ.

ನಿನ್ನ ದಾರಿಯನ್ನೇ ನೋಡುತ್ತಿರುವ
ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯವಾಗಿರಲಿಲ್ಲ. ಪೊಟ್ಟಣ ಬಿಚ್ಚಿದಾಗ ಹತ್ತಿಯೊಳಗೆ ಗಾಜು ಎರಡೇ ಸಿಗುತ್ತವೆ, ಗೀರಿನ ಸಮೇತ. ಚೌಕಟ್ಟನ್ನು ಹುಡುಕಬೇಡ. ಇವತ್ತು ಬೆಳಿಗ್ಗೆ ಮಾವ ಅದಕ್ಕೆ ನನ್ನ ಪವರಿನ ಗಾಜು ಕೂರಿಸಿಕೊಟ್ಟ. ಈ ಕಾಗದವನ್ನು ಅದನ್ನೇ ಹಾಕಿಕೊಂಡು ಬರೆದೆ. ಕಿವಿಯ ಹತ್ತಿರ ಸಡಿಲ, ಬಗ್ಗಿದರೆ ಜಾರುತ್ತದೆ. ಬಿಗಿ ಮಾಡಿಕೊಡ್ಲಾ ಅಂತ ಕೇಳಿದ. ಬೇಡ ಅಂದೆ.