ಜೀಪಿನ ಹಗ್ಗ

ನಿಲಂಗಾ
ಸೋಮವಾರ, 16-4-1973

ಪ್ರೀತಿಯ ತಮ್ಮ ಶಿವರಾಯನಿಗೆ,

ಅಣ್ಣ ಶಾಂತವೀರಪ್ಪನ ಆಶೀರ್ವಾದಗಳು. ಶಿವನ ದಯದಿಂದ ನಾವೆಲ್ಲ ನೆಟ್ಟಗಿದ್ದೇವೆ. ನಿನ್ನ ಆರೋಗ್ಯ ಹೇಗಿದೆ ಎಂದು ನಿನ್ನನ್ನೇ ಕೇಳಿ ಉಪಯೋಗವಿಲ್ಲ, 'ಆರಾಮ ಅದೀನಿ' ಎಂದು ಸುಳ್ಳು ಬರೆಯುತ್ತೀ. ಅದಕ್ಕೇ ಸುಗಂಧಾಳನ್ನು ಕೇಳಿದ್ದೆ. ಟ್ರಕ್ಕಿನ ಮಾಲಕರು ಡ್ರೈವರ್ ಕೆಲಸ ಬಿಡಿಸಿ, ಕೀಲಿ ಇಸಿದುಕೊಂಡು ಹೊಸ ಹುಡುಗನಿಗೆ ಕೊಟ್ಟ ದಿನದಿಂದ ಅಪ್ಪ ಬಾಗಿಲ ಮೆಟ್ಟಿಲು ಬಿಟ್ಟು ಏಳುವುದಿಲ್ಲ, ಅರ್ಧ ರೊಟ್ಟಿ ತಟ್ಟೆಯಲ್ಲೇ ಉಳಿಯುತ್ತದೆ, ಏನು ಕೇಳಿದರೂ 'ನಂದು ಮುಗೀತವ್ವಾ' ಅನ್ನುತ್ತಾರೆ ಎಂದು ನಿನ್ನ ಮಗಳು ಬರೆದಿದ್ದಾಳೆ. ಓದಿದಾಗಿನಿಂದ ನನಗೆ ಕೂತಲ್ಲಿ ಕೂಡಲಾಗುತ್ತಿಲ್ಲ. ಅಂಗಡಿಯಲ್ಲಿ ತಕ್ಕಡಿ ಹಿಡಿದರೆ ಕೈ ಅಲ್ಲಿ, ಜೀವ ಸೋಲಾಪುರದಲ್ಲಿ. ಊರಿಗೆ ಬಾ ಎಂದು ಬರೆದರೆ 'ಬಂದು ಏನ ಮಾಡ್ಲಿ, ಕುಂತು ಉಣ್ಲಿ?' ಎಂದು ಉತ್ತರ ಹಾಕಿದ್ದೀ. ಹಾಗಾದರೆ ಕೇಳು. ನಿನಗೆ ಕೆಲಸ ಹುಡುಕಿದ್ದೇನೆ. ಜೀಪು ಕೊಂಡಿದ್ದೇನೆ!

ನಗಬೇಡ. ಅರವತ್ತು ದಾಟಿದ ಜೋಳದ ವ್ಯಾಪಾರಿಗೆ ಜೀಪು ಯಾಕೆ ಎಂದು ನಿನ್ನ ಅತ್ತಿಗೆ ಉಮಾಬಾಯಿ ಆಗಲೇ ಬೇಕಾದಷ್ಟು ನಕ್ಕಿದ್ದಾಳೆ. ಈ ಬರಗಾಲದಲ್ಲಿ ಎತ್ತುಗಳು ಸರಕಾರ ತೆರೆದ ದನದ ಛಾವಣಿಯಲ್ಲಿ ಮೇವಿಗೆ ನಿಂತಿವೆ. ಓಣಿಯ ಬಾವಿಗಳಲ್ಲಿ ಕೊಡ ಬಿಟ್ಟರೆ ಕಲ್ಲಿನ ಸಪ್ಪಳ. ನಮ್ಮ ಮೇಲಿನ ಹೊಲದ ಬಾವಿಯೊಂದರಲ್ಲೇ ಇನ್ನೂ ಸೆಲೆ ಇದೆ, ಆದರೆ ಆ ಕಲ್ಲು ದಾರಿಗೆ, ನಡುವಿನ ಹಳ್ಳಕ್ಕೆ ಟ್ಯಾಂಕರಿನವನು ಕೈ ಮುಗಿದು ಹೊರಳಿ ಹೋದ. ನಾಲ್ಕೂ ಗಾಲಿಗೆ ಬಲ ಇರುವ ಗಾಡಿಯೇ ಬೇಕು ಅಂದರು. ದಾಳಿಂಬ ಊರಿನ ಮನ್ಮಥಪ್ಪನ ಕೊಟ್ಟಿಗೆಯಲ್ಲಿ ಲಡಾಯಿ ಕಾಲದ ಜೀಪೊಂದಿದೆ ಎಂದು ಉಮರ್ಗಾ ಬಾಜಾರಿನಲ್ಲಿ ಕೇಳಿದೆ. ಲಡಾಯಿ ಮುಗಿದ ಮೇಲೆ ಸಿಕಂದರಾಬಾದಿನಲ್ಲಿ ಫೌಜಿನವರು ಹರಾಜು ಹಾಕಿದಾಗ ಅವನ ಅಪ್ಪ ತಂದದ್ದಂತೆ. ಕೇಳಿದ ಕೂಡಲೇ ನಿನ್ನ ಕಪಿಲಿ ನೆನಪಾದಳು.

ಜಪಾನಿನವರ ಜೊತೆಗಿನ ಲಡಾಯಿಯಲ್ಲಿ ನೀನು ಫೌಜಿನ ಡ್ರೈವರನಾಗಿದ್ದಾಗ, ಡಿಮಾಪುರದಿಂದ ಕೊಹಿಮಾಕ್ಕೆ ಏರುವ ಕೆಸರಿನ ದಾರಿಯಲ್ಲಿ, ಗಾಯಾಳುಗಳನ್ನು ಅಡ್ಡ ಮಲಗಿಸಿಕೊಂಡು ನೀನು ಓಡಿಸುತ್ತಿದ್ದ ಜೀಪಿಗೆ ನಮ್ಮ ಮನೆಯ ಹಸುವಿನ ಹೆಸರಿಟ್ಟಿದ್ದೆಯಲ್ಲ. 'ಲಾರಿ ಅಂಜಿ ನಿಂತ ಕಡೀ ನನ್ನ ಕಪಿಲಿ ಆಡಿನಂಗ ಏರತಿತ್ತು' ಎಂದು ನೀನು ಹೇಳಿದ್ದನ್ನು ಕೇಳಿ ಕೇಳಿ ನಮಗೆಲ್ಲ ಬಾಯಿಪಾಠ. ಲಡಾಯಿ ಮುಗಿದಾಗ ಅದನ್ನು ಕಸಿದುಕೊಂಡು ಸಾಲಿನಲ್ಲಿ ನಿಲ್ಲಿಸಿದರು, ಹೊರಳಿ ನೋಡದೆ ಬಂದೆ ಎಂದಿದ್ದೀ. ನೀನು ಅತ್ತದ್ದನ್ನು ಹೇಳಲಿಲ್ಲ, ಆದರೂ ನಮಗೆ ಗೊತ್ತಾಗಿತ್ತು.

ಈ ಜೀಪಿನದೂ ಎಡಗಡೆಯ ಸ್ಟೇರಿಂಗು. ಡ್ರೈವರನ ಸೀಟಿನ ಕೆಳಗೇ ಪೆಟ್ರೋಲಿನ ಟಾಕಿ. ದೊಡ್ಡ ಗೇರಿನ ಪಕ್ಕ, ನಾಲ್ಕೂ ಗಾಲಿಗೆ ಬಲ ಕೊಡುವ ಎರಡು ಸಣ್ಣ ದಾಂಡಿ. ಮೈಗೆ ಮನ್ಮಥಪ್ಪ ನೀಲಿ ಬಳಿದಿದ್ದಾನೆ, ಕೆರೆದರೆ ಒಳಗೆ ಫೌಜಿನ ಹಸಿರು. ಒಂದೇ ನಮೂನೆಯ ಜೀಪನ್ನು ಎರಡು ಕಾರಖಾನೆಯವರು ಮಾಡುತ್ತಿದ್ದರು, ನಮ್ಮದರಲ್ಲಿ ಬೋಲ್ಟಿನ ತಲೆಯ ಮೇಲೂ ಎಫ್ ಅಕ್ಷರ ಇರುತ್ತಿತ್ತು ಎಂದು ನೀನು ಹೇಳುತ್ತಿದ್ದೆಯಲ್ಲ? ನನ್ನ ಮಗ ಕಲ್ಯಾಣಪ್ಪ ಜಿಡ್ಡು ಒರೆಸಿ ನೋಡಿ ಕೂಗಿಯೇಬಿಟ್ಟ. 'ಅಪ್ಪಾ, ಎಫ್ ಅದರೀ!' ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಮನುಷ್ಯ ನಾನು. ಆ ಕ್ಷಣವೇ ಇದು ಕಪಿಲಿ ಎಂದು ನಂಬಿಬಿಟ್ಟೆ. ಚಾಸಿಯ ಸಂದಿಯಲ್ಲಿ ಗಟ್ಟಿಯಾದ ಕೆಂಪು ಮಣ್ಣೂ ಸಿಕ್ಕಿತು. ನಮ್ಮದು ಕರಿ ನೆಲ, ಇದು ಕೊಹಿಮಾದ ಮಣ್ಣೇ ಸೈ ಎಂದು ಮನೆಗೆ ತಂದು ತೋರಿಸಿದರೆ ನಿನ್ನ ಅತ್ತಿಗೆ, 'ಉದಗೀರ ದಾರೀ ಮಣ್ಣೂ ಕೆಂಪೇ ಅದರೀ' ಎಂದು ರೊಟ್ಟಿ ಬಡಿಯುತ್ತ ಕೂತಳು.

ಈಗ ನನ್ನ ಹುಚ್ಚುತನ ಕೇಳು. ಮನ್ಮಥಪ್ಪ ಹಳೇ ಕಾಲದ ರೈತ. ಜೀಪಾದರೇನು, ದನದ ಬಾಜಾರಿನ ರೀತಿಯಲ್ಲೇ ಮಾರುತ್ತೇನೆ ಅಂದ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯವಹಾರ ಮುಗಿಯಿತು. ಆಮೇಲೆ ಅವನು, 'ಹಗ್ಗ ನಮ್ಮ ಕಡೀನೇ ಇರಬೇಕಲ್ರೀ ಸಾವಕಾರ್ರ' ಎಂದ. ಮಾರಿದ ದನದ ಜೊತೆ ಹಗ್ಗ ಹೋದರೆ ಕೊಟ್ಟಿಗೆಯ ಲಕ್ಷ್ಮಿಯೂ ಹೋಗುತ್ತಾಳೆ, ಕೊಂಡವನು ತನ್ನ ಹಗ್ಗ ತಾನೇ ತರಬೇಕು. ಇದು ನಮ್ಮಪ್ಪನ ಕಾಲದಿಂದ ನಾವೂ ಪಾಲಿಸಿದ್ದೇ. ಜೀಪಿಗೆ ಎಲ್ಲಿಯ ಹಗ್ಗ? ಮನ್ಮಥಪ್ಪನ ಮುಖ ಸಣ್ಣದಾಯಿತು. ಬರಗಾಲದಲ್ಲಿ ಕೊಟ್ಟಿಗೆ ಖಾಲಿಯಾದ ಮನುಷ್ಯ, ಅವನನ್ನು ಬರಿಗೈಯಲ್ಲಿ ಬಿಟ್ಟು ಬರಲು ನನಗೂ ಮನಸ್ಸಾಗಲಿಲ್ಲ. ದೊಡ್ಡಸ್ತಿಕೆಯಿಂದ, ಮುಂದಿನ ಫಲಕಕ್ಕೆ ಸ್ಕ್ರೂ ಹಾಕಿದ್ದ ಇಂಗ್ಲೀಷು ಬರಹದ ತಗಡನ್ನು ನಾನೇ ಬಿಚ್ಚಿ ಅವನ ಕೈಗಿಟ್ಟೆ. ಅವನು ಅದನ್ನು ಹಣೆಗೊತ್ತಿ ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿದ. ನಾನು ತಂದಿದ್ದ ಹೊಸ ಹಗ್ಗದಿಂದ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ, ರಾಜನ ಹಾಗೆ ಮೇಲೆ ಕೂತು ಬಂದೆ.

ಮನೆಯ ಬಾಗಿಲಲ್ಲಿ ನಿನ್ನ ಅತ್ತಿಗೆ ಗಾಲಿಗೆ ನೀರು ಹಾಕಿ, ಬಾನೆಟ್ಟಿಗೆ ವಿಭೂತಿ ಹಚ್ಚಿ, ಆರತಿ ಬೆಳಗಿ, ಆಮೇಲೆ ಒಂದೇ ಮಾತು ಕೇಳಿದಳು. 'ತಗಡಿನ ಮ್ಯಾಲಿನ ನಂಬರ ನೋಡೀರೇನ್ರೀ?'

ತಮ್ಮಾ, ಹಣೆ ಹಣೆ ಬಡಿದುಕೊಂಡೆ! 'ಬಾನೆಟ್ಟಿನ ನಂಬರ ಬಣ್ಣದ್ದು, ಅಳಿಸ್ತದ. ತಗಡಿನ ನಂಬರ ಹುಟ್ಟಿಂದು' ಎಂದು ನೀನು ಎಷ್ಟು ಸಲ ಹೇಳಿಲ್ಲ? ಕಪಿಲಿಯ ಆ ನಂಬರನ್ನು ನಮ್ಮ ಮನೆಯ ಮಕ್ಕಳು ಮಗ್ಗಿಯ ಜೊತೆ ಕಲಿತಿದ್ದಾರೆ. ಚಾಸಿಯ ಮೇಲಿನದನ್ನು ತುಕ್ಕು ತಿಂದಿದೆ, ಕಾಗದಪತ್ರವನ್ನು ಗೆದ್ದಲು ತಿಂದಿದೆ. ಇದ್ದ ಒಂದೇ ಸಾಕ್ಷಿಯನ್ನು ನನ್ನ ಕೈಯಾರೆ ಕೊಟ್ಟು ಬಂದೆ. ತಿರುಗಿ ಕೊಡು ಎಂದು ಕೇಳುವುದು ಅವನ ಲಕ್ಷ್ಮಿಯನ್ನು ಕೇಳಿದ ಹಾಗೆ. ನೋಡಿ ಬರಲಿಕ್ಕೆ ಅಡ್ಡಿಯಿಲ್ಲ ಎಂದು ಇವತ್ತು ಬೆಳಿಗ್ಗೆ ಕಲ್ಯಾಣಪ್ಪನನ್ನು ಎಸ್.ಟಿ. ಬಸ್ಸಿಗೆ ಹತ್ತಿಸಿದ್ದೇನೆ. ಅವನ ದಾರಿ ನೋಡುತ್ತಲೇ ಇದನ್ನು ಬರೆಯುತ್ತಿದ್ದೇನೆ. ಎರಡು ಸಾಲಿಗೊಮ್ಮೆ ಎದ್ದು ಹೋಗಿ ಜೀಪು ಮುಟ್ಟಿ ಬರುತ್ತೇನೆ. 'ಅದೇನು ಓಡಿ ಹೋಗ್ತದೇನ್ರೀ?' ಎಂದು ನಿನ್ನ ಅತ್ತಿಗೆ ಒಳಗಿಂದ ಕೇಳುತ್ತಾಳೆ.

ಎಂಜಿನ್ನು ಚಾಲೂ ಇದೆ. ಉದಗೀರದ ಮಿಸ್ತ್ರಿ ಬಂದು ನಡೆಸಿಕೊಟ್ಟ. ಆದರೆ ಆ ಸಣ್ಣ ದಾಂಡಿಗಳ ಹದ ಇಲ್ಲಿ ಯಾರಿಗೂ ಸಿಗುತ್ತಿಲ್ಲ. ಕಲ್ಯಾಣಪ್ಪ ನೀರಿನ ಡ್ರಮ್ಮು ಹೇರಿಕೊಂಡು ಹೋಗಿ ಹಳ್ಳದ ಉಸುಕಿನಲ್ಲಿ ಹೂತು ನಿಂತ. ಎಳೆಯಲು ಹೋಗಿ ಹೊಸ ಹಗ್ಗ ಹರಿಯಿತು. ಕೊನೆಗೆ ಓಣಿಯ ಹೆಂಗಸರೇ ಕೊಡ ಕೆಳಗಿಟ್ಟು ದೂಡಿದರು. 'ನಿಮ್ಮ ತಮ್ಮ ಯಾವಾಗ ಬರ್ತಾರ್ರೀ?' ಎಂದು ಅವರು ದಿನಾ ಬಾಗಿಲಿಗೆ ಬಂದು ಕೇಳುತ್ತಾರೆ. ನಾನು ಏನು ಹೇಳಲಿ?

ಸುಗಂಧಾಳಿಗೂ ಅಳಿಯನಿಗೂ ಆಶೀರ್ವಾದ. ನಿನ್ನ ಅತ್ತಿಗೆ ರೊಟ್ಟಿಗೆಂದು ಶೇಂಗಾ ಹಿಂಡಿ ಕುಟ್ಟಿ ಇಟ್ಟಿದ್ದಾಳೆ, ಬಂದರೆ ಮಾತ್ರ ಕೊಡುವಳಂತೆ. ಶಿವ ನಿನ್ನನ್ನು ಮೆಟ್ಟಿಲ ಮೇಲಿಂದ ಎಬ್ಬಿಸಲಿ.

ನಿನ್ನ ಅಣ್ಣ,
ಶಾಂತವೀರಪ್ಪ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಕಲ್ಯಾಣಪ್ಪ ಬಂದ. ನಂಬರು ಕೂಡಲಿಲ್ಲ. ಇದು ನಿನ್ನ ಕಪಿಲಿ ಅಲ್ಲ, ತಮ್ಮಾ. 'ಕೂಡ್ತದ ಅಂತ ಬರೀರಿ ಅಪ್ಪಾ, ಕಾಕಾ ಬರ್ಲಿ ಮೊದಲ' ಅಂದ ಹುಡುಗ. ನನಗೂ ಮನಸ್ಸಾಗಿತ್ತು. ಆದರೆ ಸ್ಟೇರಿಂಗು ಮುಟ್ಟಿದ ಕೂಡಲೇ ನಿನ್ನ ಕೈಗೆ ತಿಳಿದುಬಿಡುತ್ತದೆ, ಆಗ ನಿನ್ನ ಮುಖ ನಾನು ಹೇಗೆ ನೋಡಲಿ? ಲಡಾಯಿಯಲ್ಲಿ ಇದನ್ನು ಓಡಿಸಿದವನು ಯಾವ ತಾಯಿಯ ಮಗನೋ, ಮನೆಗೆ ಹೊರಳಿ ಹೋದನೋ ಇಲ್ಲವೋ, ಗೊತ್ತಿಲ್ಲ. ನೀನು ಹೊರಳಿ ಬಂದವನು. ಅವನ ಗಾಡಿ ನಿನ್ನ ದಾರಿ ನೋಡುತ್ತ ನಿಂತಿದೆ. ಸೋಲಾಪುರದಲ್ಲಿ ಹಗ್ಗ ಚಲೋ ಸಿಗುತ್ತದೆ, ಬರುವಾಗ ಗಟ್ಟಿಯಾದದ್ದೊಂದು ತಾ. ಹಗ್ಗ ನಾನು ತರುವುದಿಲ್ಲ, ಗಾಡಿ ಯಾರದೋ ಅವರೇ ತರಬೇಕು.